ಬಿಟ್ಟುಬಿಟ್ಟು ಬರುವ ನೋವು

ನವೆಂಬರ್ ೧೧, ರಾತ್ರಿ ಎರಡೂವರೆ. ನನ್ನ ನರಳಾಟಕ್ಕೆ ನನಗೇ ಎಚ್ಚರವಾಯಿತು. ಇನ್ನೂ ಏಳನೇ ತಿಂಗಳು. ಸಂಜೆ ಸೊಂಟ ನೋವೆಂದಾಗ ನರ್ಸ್ ಆಗಿರುವ ಅಕ್ಕ ಫೋನಿನಲ್ಲೇ ಗದರಿದ್ದಳು: "ಮಗಳನ್ನ ಎತ್ಕೊಂಡು ತಿರುಗಿದ್ರೆ ಇನ್ನೇನಾಗುತ್ತೆ? ಮಂಡಿ ಮಧ್ಯೆ ದಿಂಬಿಟ್ಕೊಂಡು ಮಗ್ಗುಲಾಗಿ ಮಲಗೇ. ನೋವು ಬಿಟ್ಟುಬಿಟ್ಟು ಬಂದು ಹೊಟ್ಟೆ ಗಟ್ಟಿಯಾದ್ರೆ ಮಾತ್ರ ಸುಮ್ನಿರ್ಬೇಡ."

ದಿಂಬಿಟ್ಟ ಮೇಲೆ ಹಾಯೆನಿಸಿ ನಿದ್ದೆ ಹತ್ತಿತ್ತು. ಈಗ ನೋವು ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಹೊಟ್ಟೆ ಗಟ್ಟಿಯಾಗಿದೆಯೋ, ಹೆದರಿ ನನ್ನ ಕೈಯೇ ಮರಗಟ್ಟಿದೆಯೋ ತಿಳಿಯುತ್ತಿಲ್ಲ. ಕಳೆದ ವಾರ ಹೀಗೇ ಆಸ್ಪತ್ರೆಗೆ ಓಡಿದಾಗ ಬರೀ ವಾಯು ಎಂದರು. "ಮಗೂಗಿಂತ ಗಾಳಿನೇ ಜಾಸ್ತಿ ನಿನ್ ಹೊಟ್ಟೇಲಿ" ಎಂದು ಅತ್ತೆ ಇನ್ನೂ ನಗುತ್ತಾರೆ. ನಕ್ಕರೆ ನಗಲಿ, ಅವರನ್ನೇ ಎಬ್ಬಿಸುತ್ತೇನೆ. ಅಕ್ಕಾ, ಎಷ್ಟು ಸಲ ಮಾಡಿದ್ರೂ ಎತ್ತುತ್ತಿಲ್ಲ, ನೈಟ್ ಡ್ಯೂಟಿಯಲ್ಲಿ ಫೋನ್ ಎಲ್ಲಿಟ್ಟಿದ್ದೀಯೇ? ಬೆಳಗಾಗುವ ಮೊದಲು ಒಂದೇ ಒಂದು ಸಲ ಫೋನ್ ಮಾಡೇ, ನಿನ್ನ ಕಾಲಿಗೆ ಬೀಳ್ತೀನಿ, ಮತ್ತೆ ಬರ್ತಿದೆ...