ನಿಸರ್ಗಳ ಇಸಿಜಿ

೯ ಫೆಬ್ರವರಿ ೨೦೦೪, ಚನ್ನರಾಯಪಟ್ಟಣ

ಕಾಗದವನ್ನು ಮೊದಲು ಡೈರಿಯಲ್ಲಿ ಬರೆದು ತಿದ್ದುವುದು ರೂಢಿ. ಶಾಲೆ ಕಂಡವನಲ್ಲ, ಕಾಗುಣಿತದ ಭಯ.

ತಮ್ಮನ ಹೆಂಡತಿ ಜಯಮ್ಮನಿಗೆ — ಅರಕಲಗೂಡಿನಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಮಂಡಿನೋವು ಹೇಗಿದೆ? ನಿಸರ್ಗಳ ಕೆಮ್ಮು ನಿಂತಿತೇ? ನಿನ್ನ ಮಗ ಹರ್ಷನ ವಿಷಯ, ಹೆದರಬೇಡ. ಪೈಲಟ್ ಮೆಡಿಕಲ್‌ನಲ್ಲಿ ಅವನ ಇಸಿಜಿ ಗಡಿಯ ಮೇಲಿದೆಯಂತೆ, ಪಾಸೂ ಅಲ್ಲ ಫೇಲೂ ಅಲ್ಲ. ಒಂದು ಬಡಿತ ಮುಗಿದು ಇನ್ನೊಂದಕ್ಕೆ ಹೃದಯ ಅಣಿಯಾಗುವುದು ತುಸು ತಡವಂತೆ. ಮನೆತನದಿಂದ ಬಂದದ್ದೋ ಎಂದು ಅನುಮಾನ. ಮನೆಯವರ ಇಸಿಜಿಯನ್ನೂ ಕೇಳಿದ್ದಾರೆ. ಅಮ್ಮ-ಮಗಳು ಬನ್ನಿ. ಎಲ್ಲರದೂ ಚೆನ್ನಾಗಿದ್ದರೆ ಹುಡುಗನಿಗೆ ಬಲ.

೧೪ ಫೆಬ್ರವರಿ

ಹಾಸನ. ವ್ಯಾನು ಮಾಡಿಕೊಂಡು ಹೋದೆವು, ಹೆಣ್ಣು ನೋಡಲು ಹೊರಟವರ ಹಾಗೆ. ಜಯಮ್ಮ ಕೋಡುಬಳೆ ಕಟ್ಟಿ ತಂದಿದ್ದಳು. ನಿಸರ್ಗ ಪರೀಕ್ಷೆಗೆ ಓದಬೇಕು ಅಂತ ಗೊಣಗಿದಳು, ಬಿಡಲಿಲ್ಲ.

ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಸತ್ತದ್ದುಂಟೇ ಎಂದರು ಡಾಕ್ಟರು. ಇಲ್ಲ, ನನ್ನ ತಮ್ಮ ಚಿಕ್ಕಯ್ಯ, ಈ ಮಗುವಿನ ಅಪ್ಪ, ಹೊಳೆನರಸೀಪುರದಲ್ಲಿ ಹೊಳೆಗಿಳಿದು ಮುಳುಗಿದ, ಅಷ್ಟೇ ಎಂದೆ. ಈಜು ಬರುತ್ತಿರಲಿಲ್ಲವೇ ಅಂತ ಕೇಳಿದರು.

"ಮೀನಿನಂಗೆ ಈಜೋನು ಸಾ."

ಡಾಕ್ಟರು ಪೆನ್ನು ಕೆಳಗಿಟ್ಟರು. ಜಯಮ್ಮ ಗೋಡೆ ನೋಡುತ್ತಾ ಅಂದಳು: "ಕುಡ್ದು ಇಳ್ದವ್ನೆ ಅಂತ ಊರೆಲ್ಲಾ ಆಡ್ಕಂಡ್ರು ಭಾವ. ನಾನೂ ನಂಬ್ಬುಟ್ಟೆ."

ಕೋಡುಬಳೆ ಯಾರೂ ಮುಟ್ಟಲಿಲ್ಲ.

೧೭ ಫೆಬ್ರವರಿ

ನನ್ನದು ಸರಿ ಇದೆಯಂತೆ. ಅರವತ್ತೆಂಟಕ್ಕೆ ಸರಿ ಇದ್ದು ಏನಾಗಬೇಕು... ಜಯಮ್ಮನದೂ ಸರಿ. ನಿಸರ್ಗಳದು — ಅಣ್ಣನದಕ್ಕಿಂತ ಕೆಟ್ಟದ್ದು. ಓಡಬಾರದು, ಈಜಬಾರದು, ದಿನಾ ಮಾತ್ರೆ. ರಿಪೋರ್ಟು ಬೆಂಗಳೂರಿಗೆ, ಹರ್ಷನ ಮೆಡಿಕಲ್ ಮಾಡಿದವರಿಗೆ ಹೋಯಿತು. ಇನ್ನು ಗಡಿ ಅನ್ನುವ ಮಾತೇ ಇಲ್ಲ.

೩೧ ಮಾರ್ಚ್

ಹರ್ಷ ಅನ್‌ಫಿಟ್. ಪರ್ಮನೆಂಟ್.

ಫೋನಿನಲ್ಲಿ ಅವನೇ ಹೇಳಿದ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. "ವಿಮಾನದಲ್ಲಿ ನಮ್ ಹಿಂದೆ ಅಷ್ಟೊಂದು ಜನ ಕೂತಿರ್ತಾರೆ ದೊಡ್ಡಪ್ಪ. ಅವ್ರು ಬರ್ದಿದ್ದು ಸರಿಯಾಗೇ ಇದೆ." ಲೈನು ಕಟ್ಟಾಯಿತು, ಅಥವಾ ಅವನೇ ಇಟ್ಟ.

೮ ಏಪ್ರಿಲ್

ಅರಕಲಗೂಡಿಗೆ ಹೋಗಿ ಬಂದೆ. ನಿಸರ್ಗ ಮಾತ್ರೆ ನುಂಗುತ್ತಿಲ್ಲ. ದಾಸವಾಳದ ಬುಡದಲ್ಲಿ ಹೂತಿದ್ದು ಜಯಮ್ಮನ ಕೈಗೆ ಸಿಕ್ಕಿದೆ. ಕೂರಿಸಿಕೊಂಡು ಕೇಳಿದೆ.

"ನಾನು ಅವತ್ತು ಹಾಸನಕ್ಕೆ ಬರ್ದೇ ಇದ್ದಿದ್ರೆ ಅಣ್ಣಂದು ಪಾಸಾಗ್ತಿತ್ತು, ಅಲ್ವಾ ದೊಡ್ಡಪ್ಪ?"

ಇಲ್ಲ ಕಣವ್ವ ಅಂದೆ.

"ಸುಳ್ಳು ಹೇಳಕ್ಕೂ ಬರಲ್ಲ ನಿಮ್ಗೆ."

೧೯ ಏಪ್ರಿಲ್, ಮಧ್ಯಾಹ್ನ, ಅರಕಲಗೂಡು

ಹರ್ಷನಿಗೆ ಕಾಗದ. ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ.

ಚಿರಂಜೀವಿ ಹರ್ಷ, ನಿನ್ನ ತಂಗಿ ಬೆಳಿಗ್ಗೆ ಅಂಗಳದಲ್ಲಿ ಬಿದ್ದಿದ್ದಳು. ಎದ್ದಿದ್ದಾಳೆ. ಮಾತ್ರೆ ಬಿಟ್ಟರೆ ಇನ್ನೊಂದು ಸಲ ಏಳುತ್ತಾಳೆಂದು ಹೇಳಲಾರೆ ಎಂದರು ಡಾಕ್ಟರು. ಆದರೂ ಬಾಯಿ ಬಿಗಿ ಹಿಡಿದು ಕೂತಿದ್ದಾಳೆ. ನಮ್ಮ ಮಾತು ನಡೆಯುವುದಿಲ್ಲ, ನಿನ್ನದು ನಡೆದೀತು. ಅವಳ ಮೇಲೆ ಸಿಟ್ಟಿಲ್ಲ ಅಂತ — ಇದ್ದರೂ ಇಲ್ಲ ಅಂತ — ಒಂದು ಸಾಲು ಬೇಗ ಬರಿ ಮಗ. ಇವತ್ತೇ ಬರಿ. ಅಂಚೆ ತಡವಾದರೆ ಫೋನಾದರೂ — ಜಯಮ್ಮ ಅಂಗಳದಿಂದ ಕೂಗುತ್ತಿದ್ದಾಳೆ, ನಿಸರ್ಗಾ ಅಂತ