ಐದಕ್ಕೆ ಐದು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.10
ಮೂಡುಬಿದಿರೆ ಬಸ್ಸು ಇನ್ನೂ ಬಂದಿಲ್ಲ. ಬಿ.ಸಿ. ರೋಡಿನ ಸ್ಟ್ಯಾಂಡಿನಲ್ಲಿ ಕೂತು ಬರೆಯುವುದು. ಮೊದಲ ಪೀರಿಯಡ್ಡು ಎನ್‌ಜಿಒ ಮ್ಯಾನೇಜ್‌ಮೆಂಟ್, ಎರಡನೆಯದ್ದು ಬಡವರ ವಸತಿ. ಒಂಬತ್ತು ವರ್ಷದಿಂದ ಇದೇ ಪಾಠ, ಇದೇ ಬಸ್ಸು, ಅದೇ 'ಗೆಸ್ಟ್ ಲೆಕ್ಚರರ್'. ಇಷ್ಟು ವರ್ಷ ಯಾರ ಮನೆಯಲ್ಲೂ ಗೆಸ್ಟನ್ನು ಇಟ್ಟುಕೊಳ್ಳಲಿಕ್ಕಿಲ್ಲ.

ಹದಿಮೂರಕ್ಕೆ ಯೂನಿವರ್ಸಿಟಿಯಲ್ಲಿ ಇಂಟರ್‌ವ್ಯೂ. ಪರ್ಮನೆಂಟ್ ಪೋಸ್ಟು, ಒಂದೇ ಒಂದು. ತಪ್ಪಿದರೆ ಮುಂದಿನದ್ದು ಯಾವ ಕಾಲಕ್ಕೋ. ಬೇಕು. ತುಂಬ ಬೇಕು.

ಕೈಯಲ್ಲಿ ಒಳ್ಳೆಯ ಸರಕು ಉಂಟು. ನರಿಕೊಂಬಿನ ಇಪ್ಪತ್ನಾಲ್ಕು ಮನೆ — ಕಟ್ಟಿಸಿದ್ದು ಒಂದು ಟ್ರಸ್ಟ್, ಪ್ಲಾನ್ ನನ್ನದು. ಕಳೆದ ತಿಂಗಳು ನನ್ನ ಸ್ಟೂಡೆಂಟ್ ಪ್ರಾಪ್ತಿ ಮತ್ತವಳ ಕ್ಲಾಸಿನವರು ಮನೆಮನೆಗೆ ಹೋಗಿ ಸರ್ವೆ ಮಾಡಿದರು. ಗಾಳಿ, ಬೆಳಕು, ಅಡುಗೆಕೋಣೆ — ಪ್ರತಿಯೊಂದಕ್ಕೂ ಐದರಲ್ಲಿ ಎಷ್ಟು ಮಾರ್ಕು ಅಂತ. ಇಪ್ಪತ್ನಾಲ್ಕು ಮನೆಯಲ್ಲೂ ಐದಕ್ಕೆ ಐದು! ಬಸ್ಸು...

ಮಾರ್ಚ್ 5, ಬುಧವಾರ
ಸ್ಲೈಡ್ ರೆಡಿ. ಹಸಿರು ಗ್ರಾಫು, ಕಂಬಗಳೆಲ್ಲ ಒಂದೇ ಎತ್ತರ. ಗಂಡ ಗಣೇಶಪ್ರಸಾದರಿಗೆ ತೋರಿಸಿದೆ. ಹೈಸ್ಕೂಲಿನ ಗಣಿತ ಮೇಷ್ಟ್ರು ಅವರು. "ಇಡೀ ಕ್ಲಾಸಿಗೆ ಫುಲ್ ಮಾರ್ಕ್ ಬಂದ್ರೆ ನಾನು ಕಾಪಿ ಹೊಡೆದಿದ್ದಾರಾ ಅಂತ ನೋಡ್ತೇನೆ" ಅಂದರು. ಹೊಟ್ಟೆಕಿಚ್ಚು! ಮಾತು ಬಿಟ್ಟೆ. ಊಟದ ಹೊತ್ತಿಗೆ ಮತ್ತೆ ಶುರು ಮಾಡಿದೆ — ಉಪ್ಪಿನಕಾಯಿ ಭರಣಿ ಅವರ ಕಡೆ ಇತ್ತು.

ಮಾರ್ಚ್ 9, ಭಾನುವಾರ
ಸ್ಲೈಡಿಗೆ ಒಂದು ಫೋಟೋ ಬೇಕಿತ್ತು. ನರಿಕೊಂಬಿಗೆ ಹೋದೆ. ಮೊದಲ ಮನೆ ನಬೀಸಾರದ್ದು. ಕಿಟಕಿ ಸರಳಿಗೆ ನೀಲಿ ಟಾರ್ಪಾಲು ಕಟ್ಟಿ, ಹೊರಗೆ ನೆಲದಲ್ಲಿ ಕಾಲು ನೀಡಿ ಕೂತು, ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟು ಬೀಡಿ ಕಟ್ಟುತ್ತಿದ್ದಾರೆ. ಉಪವಾಸದ ತಿಂಗಳು. ನನಗೆ ಮಾತ್ರ ಶರಬತ್ತು.

"ಒಳಗೆ ಕೂತು ಕಟ್ಟಬಹುದಲ್ಲ?"

"ಒಳಗೆ ಬೆಳಕು ಸಾಕಾಗುದಿಲ್ಲ ಮೇಡಂ. ಫ್ಯಾನು ಹಾಕಿದ್ರೆ ಹೊಗೆಸೊಪ್ಪಿನ ಪುಡಿ ಹಾರ್ತದೆ. ಜಗಲಿ ಒಂದು ಇಲ್ಲ ಅಲ್ವಾ?"

"ಮತ್ತೆ ಬೆಳಕಿಗೆ ಐದು ಕೊಟ್ಟಿದ್ದೀರಿ?"

"ಅದು ಆ ಮಗುವಿಗೆ! ಬಿಸಿಲಲ್ಲಿ ಮುಖ ಕೆಂಪಾಗಿ ಬಂದಿತ್ತು, ಪಾಪ. ಎಷ್ಟು ಮಾರ್ಕ್ ಕೊಡ್ತೀರಿ ಅಂತ ಕೇಳಿತು. ನಾನು ಕಡಿಮೆ ಕೊಟ್ಟು ಅದು ಫೇಲಾದ್ರೆ? ನಾವು ಎಲ್ಲ ಮನೆಯವ್ರು ಮಾತಾಡಿಕೊಂಡೇ ಕೊಟ್ಟದ್ದು."

ಕಾಪಿ. ಇಪ್ಪತ್ನಾಲ್ಕು ಮನೆಯೂ.

ಅಲ್ಲಿ ನಗು ಬಂತು. ಬಸ್ಸಿನಲ್ಲಿ ಅಳು ಬಂತು. ಕಟ್ಟುವಾಗ ಮೇಸ್ತ್ರಿ ಸಂಕಪ್ಪ ಕೇಳಿದ್ದರು, "ಜಗಲಿ ಬೇಡ್ವಾ ಮೇಡಂ?" ಕೋಣೆ ದೊಡ್ಡದಾಗಲಿ ಅಂತ ನಾನೇ ಗೆರೆ ಎಳೆದು ಹೊಡೆದುಹಾಕಿದ್ದು. ಹೆಂಗಸರೆಲ್ಲ ಜಗಲಿಯಲ್ಲಿ ಬೀಡಿ ಕಟ್ಟುವ ಊರಿನಲ್ಲೇ ಹುಟ್ಟಿ ಬೆಳೆದವಳು ನಾನು. ನಾಚಿಕೆಯಾಗುತ್ತದೆ.

ಮಾರ್ಚ್ 12
ಕಾಪಿ ಅಂದ ಗಣೇಶಪ್ರಸಾದರೇ ಈಗ, "ಹೇಳ್ಬೇಡ ಮಾರಾಯ್ತಿ. ಇಂಟರ್‌ವ್ಯೂನವರೇನು ನರಿಕೊಂಬಿಗೆ ಬಂದು ನೋಡ್ತಾರಾ?" ನನಗೂ ಹಾಗೇ ಅನಿಸುತ್ತದೆ. ಗ್ರಾಫು ಹಾಗೆಯೇ ಉಂಟು. ಪೆನ್‌ಡ್ರೈವ್ ಬ್ಯಾಗಿನಲ್ಲಿ.

ಮಾರ್ಚ್ 13. ಸಂಜೆ 5
ಹೇಳಿಬಿಟ್ಟೆ.

ಪರದೆಯ ಮೇಲೆ ಹಸಿರು ಕಂಬ ಬಂದದ್ದೇ ನಬೀಸಾರ ನೀಲಿ ಟಾರ್ಪಾಲು ನೆನಪಾಯಿತು. ಗ್ರಾಫು ತೋರಿಸಿ, "ಇದು ಸುಳ್ಳು" ಅಂದೆ. ಒಬ್ಬರು ನಕ್ಕರು. ಇನ್ನೊಬ್ಬರು ಕನ್ನಡಕ ತೆಗೆದರು. "ಹಾಗಾದರೆ ನಿಮ್ಮ ಪ್ಲಾನ್ ಫೇಲ್?" "ಹೌದು ಸರ್." "ಮುಂದೇನು?" "ಜಗಲಿ ಕಟ್ಟಿಸುತ್ತೇನೆ." ಯಾರನ್ನು ಕೇಳಿ ಹಾಗಂದೆನೋ! ಆಮೇಲೆ ಮುಕ್ಕಾಲು ಗಂಟೆ ಬರೀ ಜಗಲಿಯ ಮಾತು.

ಕೆಲಸ ಹೋಯಿತು ಅಂತಲೇ ಲೆಕ್ಕ. ಹಸಿವು ಮಾತ್ರ ಜೋರು.

ಏಪ್ರಿಲ್ 22, ಮಂಗಳವಾರ
ಆರ್ಡರ್ ಬಂತು. ನನಗೇ! ಮೂರು ಸಲ ಓದಿದೆ, ಹೆಸರು ಬದಲಾಗಲಿಲ್ಲ. ಕೊನೆಯ ಸಾಲಿನಲ್ಲಿ — ಸರ್ವೆ ಹೊಸದಾಗಿ ಮಾಡಬೇಕು. ಗಣೇಶಪ್ರಸಾದ್ ಕಣ್ಣೊರೆಸಿಕೊಂಡು, ಈರುಳ್ಳಿ ಅಂದರು. ಮನೆಯಲ್ಲಿ ಈರುಳ್ಳಿ ಮುಗಿದು ಎರಡು ದಿನ ಆಯಿತು.

ಜೂನ್ 8, ಭಾನುವಾರ. ಮಧ್ಯಾಹ್ನ 3
ನಬೀಸಾರ ಹೊಸ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಟ್ರಸ್ಟ್ ಒಪ್ಪಿ ಕಟ್ಟಿಸಿದ ಮೊದಲ ಜಗಲಿ. ಉಳಿದ ಇಪ್ಪತ್ಮೂರು ಮಳೆಗಾಲ ಮುಗಿದ ಮೇಲೆ. ನಿನ್ನೆ ಅವರ ಬಕ್ರೀದ್. ನನಗೆ ಅಂತ ಹಲಸಿನ ಹಣ್ಣು ತೆಗೆದಿಟ್ಟಿದ್ದರು.

"ಈ ಸಲ ಮಾರ್ಕು ನನಗೆ. ಯಾವ ಮಗುವೂ ಫೇಲಾಗುವುದಿಲ್ಲ. ನಿಜ ಹೇಳಿ" ಅಂದೆ. ಕಾಲು ನೀಡಿ, ಕಂಬಕ್ಕೆ ಒರಗಿ, ತಲೆಯೆತ್ತಿ ಮಾಡಿನ ಅಂಚು ನೋಡಿದರು.

"ಮೂರು."

"ಯಾಕೆ?"

"ಜಗಲಿಯ ಮಾಡು ಇನ್ನೂ ಮುಂದೆ ಬರ್ಬೇಕಿತ್ತು ಮೇಡಂ. ಮಳೆಯ ಎರಚಲು ಹೊಡೀತದೆ."

ಅಂಗಳದಲ್ಲಿ ನಿಂತಿದ್ದ ಮೇಸ್ತ್ರಿ ಸಂಕಪ್ಪನವರಿಗೆ ಸಿಟ್ಟು. "ಎಂಥ ಎರಚಲು? ನಲವತ್ತು ವರ್ಷದಿಂದ ಕಟ್ತಿದ್ದೇನೆ ನಾನು!"

ಮೂರು ಅಂತ ಬರೆದುಕೊಂಡೆ. ಒಂಬತ್ತು ವರ್ಷದಲ್ಲಿ ನನಗೆ ಸಿಕ್ಕ ಮೊದಲ ನಿಜವಾದ ಮಾರ್ಕು. ಎಷ್ಟು ಖುಷಿ ಅಂದರೆ, ಸಂಕಪ್ಪನವರ ಸಿಟ್ಟೂ ಚೆಂದ ಕಾಣುತ್ತಿದೆ. ಹೊಳೆಯಾಚೆ ಮೋಡ ಕಪ್ಪಾಗಿದೆ. ಒಂದು ಹನಿಯೂ ಬಿದ್ದಿಲ್ಲ, ನಬೀಸಾ ಆಗಲೇ ಬೀಡಿಯ ತಡ್ಪೆ ಎತ್ತಿಕೊಂಡು ಒಳಗೆ ಹೋದರು. ನನ್ನನ್ನೂ ಕರೆದರು. ಈ ಸಾಲು ಮುಗಿಸಿ ಬರ್ತೇನೆ ಅಂದೆ.

ಬಂತು. ಎರಚಲು! ಮೂರು ಕೊಟ್ಟದ್ದೂ ಜಾಸ್ತಿಯೇ, ಪುಸ್ತಕವೆಲ್ಲ ಒದ್ದೆ ಆ—