ಎಲ್ಮರನ ಮಂಗಳವಾರ

ಪ್ರೊಫೆಸರ್ ಥೋರ್ಸನ್ ಅವರಿಗೆ,

ವಾಕ್ಯವೊಂದು ಯಾವಾಗ ನಿಜ, ಯಾವಾಗ ಸುಳ್ಳು ಎಂದು ಹೇಳಲು ಬಂದರೆ ಅದರ ಅರ್ಥ ತಿಳಿದಂತೆ ಎನ್ನುತ್ತಿದ್ದಿರಿ. ತಕರಾರಿದ್ದವರು ಎದ್ದು ಬಂದು ಬೋರ್ಡಿನ ಮೇಲೆ ಆ ಮಾತಿಗೆ ಒಗ್ಗದ ಒಂದು ವಾಕ್ಯ ಬರೆದು ತೋರಿಸಬೇಕಿತ್ತು. ಒಂದು ದಿನ ನಾನು ಎದ್ದು ಬಂದೆ, ಯಾವ ವಾಕ್ಯವೂ ಹೊಳೆಯಲಿಲ್ಲ. ಸೀಮೆಸುಣ್ಣ ಇಟ್ಟು ಹೊರಟವಳು ಮತ್ತೆ ನಿಮ್ಮ ತರಗತಿಗೆ ಬರಲಿಲ್ಲ. ಈಗ ಡುಲೂತ್‌ನ ಆಸ್ಪತ್ರೆಯೊಂದರಲ್ಲಿ, ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮಾತು ಕಲಿಸುತ್ತೇನೆ. ಇವತ್ತು ನನ್ನ ವಾಕ್ಯ ಸಿಕ್ಕಿತು.

ಎಲ್ಮರ್ ಹಾಪಲಾ ಎಂಬ ಮುದುಕನಿಗೆ ಉಳಿದಿರುವುದು ಒಂದೇ ಪದ, ಮಂಗಳವಾರ. ಕಾಫಿ ಲೋಟದ ಚಿತ್ರ ತೋರಿಸಿದೆ. "ಮಂಗಳವಾರ" ಎಂದ. ತಪ್ಪು ಎಂದು ಗುರುತು ಹಾಕಿದೆ. ಅವನು ನನ್ನನ್ನು ದುರುಗುಟ್ಟಿ ನೋಡಿ, ಹಲ್ಲು ಕಚ್ಚಿ ಮತ್ತೆ "ಮಂಗಳವಾರ" ಎಂದ. ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಹೆಂಡತಿ ಇರ್ಯಾ ತಲೆ ಎತ್ತದೆಯೇ ಗದರಿದಳು.

"ಬಾಯಿ ಬಿಗಿ ಹಿಡಿ. ಪಾಪ, ಆ ಹುಡುಗಿ ಅವಳ ಕೆಲಸ ಮಾಡ್ತಿದಾಳೆ."

"ಏನಂದ್ರು?" ಎಂದೆ.

"ಅದನ್ನ ಹೇಳೋಕಾಗಲ್ಲಮ್ಮ. ಮರ ಕಡಿಯೋರ ಬೈಗುಳ."

ಎಲ್ಮರ್ ತಲೆ ತಗ್ಗಿಸಿ, ಮೆಲ್ಲಗೆ, "ಮಂಗಳವಾರ" ಎಂದ. ಅದನ್ನು ಇರ್ಯಾ ಬಿಡಿಸಿ ಹೇಳಬೇಕಾಗಲಿಲ್ಲ. "ಇರಲಿ ಬಿಡಿ" ಎಂದೆ.

ಈ ಕೊನೆಯ "ಮಂಗಳವಾರ" ಯಾವಾಗ ನಿಜ, ಯಾವಾಗ ಸುಳ್ಳು, ಈಗ ನೀವು ಎದ್ದು ಬಂದು ಬರೆಯಿರಿ ಸಾರ್. ಗೆದ್ದವಳು ನಾನೇ.

ನೀವು ಸಾಯುವ ಮುಂಚಿನ ಚಳಿಗಾಲ ನಿಮಗೂ ಒಂದೇ ಪದ ಉಳಿದಿತ್ತಂತೆ. ನಿಮ್ಮ ಹೆಂಡತಿ ಮೂರು ಸಲ ಫೋನ್ ಮಾಡಿ, "ಒಂದ್ಸಲ ಬಂದು ಹೋಗಮ್ಮ, ನಿನಗಾದ್ರೂ ಅರ್ಥ ಆದೀತು" ಎಂದರು. ಕೆಲಸವಿದೆ ಎಂದೆ.

ಅದು ಯಾವ ಪದ ಎಂದು ನಾನು ಕೇಳಲೇ ಇಲ್ಲ.

ಮಾರ್ಗಿಟ್